ಪಿಪ್‌ನ ಸಣ್ಣತನವನ್ನು ಅಳಿಸಬೇಡಿ

ಓದುಗರ ಪತ್ರ: ಹದಿನೇಳರ ಹುಡುಗನೊಬ್ಬನ ಕಾದಂಬರಿ ಬರೆಯುತ್ತಿದ್ದೇನೆ. ಓದಿದವರೆಲ್ಲ ‘ನಾಯಕ ತೀರಾ ಎಳಸು, ಸಹಿಸೋಕಾಗಲ್ಲ’ ಅನ್ನುತ್ತಾರೆ. ಅವನಿಗೆ ಬೇಗ ಬುದ್ಧಿ ಬರಿಸಲೇ?

ಸಂಪಾದಕರ ಉತ್ತರ: ಬೇಡ. ಎಳಸುತನ ಬರೀ ಗೊಣಗಾಟವಾಗಿ, ಅದರಿಂದ ಯಾರಿಗೂ ಏನೂ ಆಗದಿದ್ದಾಗ ಓದುಗರಿಗೆ ಬೇಸರ ಬರುತ್ತದೆ. ಯಾರಿಗಾದರೂ ಪೆಟ್ಟು ಬಿದ್ದರೆ ಪುಟ ತಾನಾಗಿ ತಿರುಗುತ್ತದೆ.

ಡಿಕನ್ಸ್ 1860-61ರಲ್ಲಿ ವಾರವಾರ ಧಾರಾವಾಹಿಯಾಗಿ ಬರೆದ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ನ 27ನೇ ಅಧ್ಯಾಯ ನೋಡಿ. ಲಂಡನ್ನಿನಲ್ಲಿ ದೊಡ್ಡಮನುಷ್ಯನಾಗಲು ಹೊರಟ ನಾಯಕ ಪಿಪ್‌ನನ್ನು ನೋಡಲು, ಅವನನ್ನು ಸಾಕಿ ಬೆಳೆಸಿದ ಭಾವ, ಕಮ್ಮಾರ ಜೋ, ಬರುತ್ತಾನೆ. ದುಡ್ಡು ಕೊಟ್ಟು ತಪ್ಪಿಸುವಂತಿದ್ದರೆ ಕೊಟ್ಟೇಬಿಡುತ್ತಿದ್ದೆ ಅನ್ನುತ್ತಾನೆ ಪಿಪ್. ಜೋ ಅಗ್ಗಿಷ್ಟಿಕೆಯ ಮೇಲಿನ ಅಂಚಿಗೆ ಹ್ಯಾಟು ಇಡುತ್ತಾನೆ. ಅದು ಮತ್ತೆಮತ್ತೆ ಬೀಳುತ್ತದೆ. ನಡುನಡುವೆ ‘ಸರ್’ ಅಂದುಬಿಡುತ್ತಾನೆ. ಪಿಪ್‌ಗೆ ಸಿಟ್ಟು. ಮುಂದೆ, 57ನೇ ಅಧ್ಯಾಯದಲ್ಲಿ, ಕಾಯಿಲೆ ಬಿದ್ದ ಪಿಪ್‌ಗೆ ಜೋ ಆರೈಕೆ ಮಾಡುತ್ತಾನೆ. ಹುಡುಗ ಚೇತರಿಸಿಕೊಂಡಷ್ಟೂ ಜೋ ಬಾಯಿಗೆ ಆ ‘ಸರ್’ ಮರಳುತ್ತದೆ. ಈ ಸಲ ಪಿಪ್‌ಗೆ ಸಿಟ್ಟಿಲ್ಲ, ಸಂಕಟ. ಅದೇ ಇಬ್ಬರು, ಅದೇ ಪದ, ನಡುವೆ ಮೂವತ್ತು ಅಧ್ಯಾಯ.

ನೀವೂ ಇಂಥದ್ದೊಂದು ಪದವನ್ನೋ ವಸ್ತುವನ್ನೋ ಮೊದಲ ಮೂರನೇ ಒಂದು ಭಾಗದಲ್ಲಿ ಇಡಿ. ಕೊನೆಯ ಕಾಲುಭಾಗದಲ್ಲಿ ವಾಪಸ್ ತನ್ನಿ. ವಿವರಿಸಲು ಹೋಗಬೇಡಿ.

ಇನ್ನೊಂದು ಎಡವಟ್ಟು, ಕಥೆ ಹೇಳುವವನ ವಯಸ್ಸು. ನಡುವಯಸ್ಸಿನಲ್ಲಿ ನಿಂತು ಹೇಳಿದರೆ ತನ್ನನ್ನು ತಾನೇ ಬೈದುಕೊಳ್ಳಬಹುದು. ಜೋ ಬಂದ ದಿನದ ಬಗ್ಗೆ ದೊಡ್ಡ ಪಿಪ್ ‘ತಪ್ಪೆಲ್ಲ ನನ್ನದೇ’ ಎಂದು ಒಂದೇ ವಾಕ್ಯದಲ್ಲಿ ಒಪ್ಪಿಕೊಂಡು ಮುಂದೆ ಹೋಗುತ್ತಾನೆ. ಹದಿನೇಳರಲ್ಲೇ ಹೇಳುತ್ತಿದ್ದರೆ ‘ಆಗ ನನಗೆ ತಿಳಿದಿರಲಿಲ್ಲ’ ಅನ್ನುವ ಸೌಲಭ್ಯ ಇಲ್ಲ. ಅವನಿಗೆ ಅರ್ಥವಾಗದ್ದು ಅವನು ಕಂಡದ್ದರ ಮೂಲಕವೇ ಓದುಗರಿಗೆ ಅರ್ಥವಾಗಬೇಕು. ಅನಂತಮೂರ್ತಿಯವರ ‘ಘಟಶ್ರಾದ್ಧ’ದಲ್ಲಿ ಯಮುನಕ್ಕನ ಸಂಕಟ ಹುಡುಗನ ಅರೆತಿಳಿವಿನಲ್ಲೇ ನಮಗೆ ತಲುಪುತ್ತದೆ. ಈ ಎರಡು ವಯಸ್ಸಿನ ದನಿಗಳನ್ನು ಬೆರೆಸಿದರೆ ಪಿಯುಸಿ ಹುಡುಗನ ಬಾಯಲ್ಲಿ ‘ಅಸ್ತಿತ್ವದ ಶೂನ್ಯ’ ಬರುತ್ತದೆ. ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಿ, ಇಂಥ ಮಾತಿಗೆಲ್ಲ ಪೆನ್ಸಿಲ್ ಗೆರೆ ಎಳೆಯಿರಿ.

ಅಪ್ಪನನ್ನೋ ಅಜ್ಜಿಯನ್ನೋ ಸಾಯಿಸಿ ರಾತ್ರೋರಾತ್ರಿ ಹುಡುಗನನ್ನು ಮಾಗಿಸುವ ಕತೆಗಳು ಬೇಕಾದಷ್ಟಿವೆ (ನಮ್ಮ ಅಂಚೆಯಲ್ಲೂ!). ಸಾವು ಕಣ್ಣೀರು ತರಿಸುತ್ತದೆ, ಸರಿ. ವೈಕುಂಠ ಸಮಾರಾಧನೆ ಮುಗಿದ ಮರುದಿನ ಅದೇ ಹುಡುಗ ಬೈಕಿನ ಕೀಗೆ ತಮ್ಮನ ಜೊತೆ ಜಗಳ ಆಡಬಲ್ಲ. ಆ ಜಗಳ ಬರೆಯಿರಿ.

ಕೊನೆಯಲ್ಲೂ ಪೂರ್ತಿ ಹಣ್ಣಾಗಿಸಬೇಡಿ. ಇಷ್ಟೆಲ್ಲ ಕಲಿತ ಪಿಪ್, ಬಾಲ್ಯದ ಗೆಳತಿ ಬಿಡ್ಡಿಯನ್ನು ಮದುವೆಗೆ ಕೇಳೋಣ ಎಂದು ಆಸೆ ಹೊತ್ತು ಊರಿಗೆ ಹೋಗುತ್ತಾನೆ. ಹೋಗಿ ನೋಡಿದರೆ ಅವತ್ತೇ ಬಿಡ್ಡಿಗೂ ಜೋಗೂ ಮದುವೆ.