ಕಾರ್ಯಾಗಾರ ಆಮೇಲೆ, ಮೊದಲು ಟೈಮ್‌ಟೇಬಲ್

ನಮಸ್ಕಾರ ಮೇಡಂ. ನಿಮ್ಮ ಅರ್ಥಶಾಸ್ತ್ರ ವಿಭಾಗಕ್ಕೆ ಇಬ್ಬರು ಹೊಸ ಸಹಾಯಕ ಪ್ರಾಧ್ಯಾಪಕರು ಸೇರಿದ್ದಾರೆ, ಅವರು ಸಂಶೋಧನೆ ಶುರು ಮಾಡಲು ಒಂದು ಕಾರ್ಯಾಗಾರ ಮಾಡಿಸಿದರೆ ಸಾಕಾ ಎಂದು ಕೇಳಿದ್ದೀರಿ. ನನ್ನನ್ನು ಕೇಳಿದರೆ, ಮೊದಲು ಅವರ ಟೈಮ್‌ಟೇಬಲ್ ತೆಗೆದು ನೋಡಿ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಪಾಠ ಎಂದಿದೆ. ಅದರ ಮೇಲೆ ಅಡ್ಮಿಷನ್ ಡ್ಯೂಟಿ, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನ ಫೈಲು, ಫೆಸ್ಟು ಎಲ್ಲ ಹೊಸಬರ ತಲೆಗೇ ಬೀಳುತ್ತದೆ. ಅವರು ಬೇಡ ಅನ್ನುವುದಿಲ್ಲ, ಪ್ರೊಬೇಷನ್ ಭಯ ಅಲ್ವಾ? ಹಾಗಾಗಿ ಬೇಡ ಅನ್ನುವ ಕೆಲಸ ನಿಮ್ಮದು. ಮೊದಲ ವರ್ಷ ಪಾಠಕ್ಕೆ ಮೂರು ಹೊಸ ಪೇಪರ್ ಹೊರಿಸಬೇಡಿ. ಒಂದೇ ಪೇಪರನ್ನು ಎರಡು ಸೆಕ್ಷನ್‌ಗೆ ಕೊಟ್ಟರೆ ತಯಾರಿ ಎಷ್ಟೋ ಕಮ್ಮಿಯಾಗುತ್ತದೆ. ಸಂಶೋಧನೆಗೆಂದು ವಾರದಲ್ಲಿ ಒಂದು ದಿನ ಪಾಠವೇ ಇಲ್ಲದಂತೆ ಮಾಡಿ. ಅರ್ಧ ದಿನ ಬಿಟ್ಟುಕೊಟ್ಟರೆ ಪ್ರಯೋಜನವಿಲ್ಲ. ನಮ್ಮ ಬೆಂಗಳೂರಿನ ಟ್ರಾಫಿಕ್‌ನಲ್ಲಿ ನಾಗರಬಾವಿಯ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ) ಗ್ರಂಥಾಲಯಕ್ಕೆ ಹೋಗಿ ಬರುವುದರಲ್ಲೇ ಅದು ಮುಗಿದಿರುತ್ತದೆ.

ಮೆಂಟರ್ ಬೇಕು, ಆದರೆ ಅದು ನೀವಾಗಬೇಡಿ. ತಮ್ಮ ಮೇಲೆ ವರದಿ ಬರೆಯುವವರ ಮುಂದೆ ಯಾರು ಕಷ್ಟ ಹೇಳಿಕೊಳ್ಳುತ್ತಾರೆ? ಬೇರೆ ವಿಭಾಗದ ಹಿರಿಯರೊಬ್ಬರನ್ನು ಕೇಳಿ.

ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ (ಐಸಿಎಸ್‌ಎಸ್‌ಆರ್) ಪ್ರಾಜೆಕ್ಟ್‌ಗೆ ಅರ್ಜಿ ಹಾಕುವಾಗ ಹಳಬರು ತಮ್ಮ ಅರ್ಜಿಗಳನ್ನು ತೋರಿಸಲಿ, ವಾಪಸ್ ಬಂದವುಗಳನ್ನೂ. ಸುಮ್ನೆ ಭಾಷಣ ಕೇಳುವುದಕ್ಕಿಂತ ಅದರಿಂದ ಕಲಿಯುವುದು ಜಾಸ್ತಿ.

ಇನ್ನೊಂದು ವಿಷಯ. ಒಪ್ಪಿತ ಸಂಶೋಧನಾ ಪತ್ರಿಕೆಗಳ ಯುಜಿಸಿ ಕೇರ್ ಪಟ್ಟಿ 2025ರಲ್ಲಿ ನಿಂತುಹೋಗಿದೆ. ಯಾವ ಪತ್ರಿಕೆ ಒಳ್ಳೆಯದು ಎಂದು ಈಗ ಸಂಸ್ಥೆಗಳೇ ನೋಡಬೇಕು. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುತ್ತೇವೆ ಎನ್ನುವ ಮೇಲ್‌ಗಳು ಹೊಸಬರಿಗೆ ಬರುತ್ತಲೇ ಇರುತ್ತವೆ. ಲೇಖನ ಕಳಿಸುವ ಮೊದಲು ಹಳಬರನ್ನು ಒಂದು ಮಾತು ಕೇಳಿ ಎಂದು ಇಬ್ಬರಿಗೂ ಈಗಲೇ ಹೇಳಿಡಿ.