ಅಮೆರಿಕದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಡಿದವರು ಸಹಾಯಕ ಕೋಚ್ ಆಗುವುದು ಹೇಗೆ?

ಮಗ ಅಮೆರಿಕದ ಕಾಲೇಜಿನಲ್ಲಿ ನಾಲ್ಕು ವರ್ಷ ಆಡಿ ಮುಗಿಸಿದ್ದಾನೆ, ಅಲ್ಲೇ ಸಹಾಯಕ ಕೋಚ್ ಆಗುವ ಆಸೆ, ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದ್ದೀರಿ. ಆಡಿದ ಹುಡುಗ ಅಂತ ಕರೆದು ಮಾತಾಡಿಸುತ್ತಾರೆ, ಆದರೆ ಕೆಲಸ ಕೊಡುವುದು ‘ಸ್ಕೌಟ್’ ಮಾಡಲು ಬರುತ್ತದೆಯೇ ಅಂತ ನೋಡಿ. ಎದುರಾಳಿ ತಂಡದ ಆಟವನ್ನು ವಿಡಿಯೊದಲ್ಲಿ ಬಿಡಿಸಿ ನೋಡುವ ಕೆಲಸ ಅದು.

ಮೊದಲ ಹುದ್ದೆ ಸಾಮಾನ್ಯವಾಗಿ ಗ್ರ್ಯಾಜುಯೇಟ್ ಅಸಿಸ್ಟೆಂಟ್ (ಸ್ನಾತಕೋತ್ತರ ಓದುತ್ತಲೇ ತಂಡದಲ್ಲಿ ದುಡಿಯುವವರು) ಅಥವಾ ವಿಡಿಯೊ ಕೋಆರ್ಡಿನೇಟರ್. ಜಾನ್ ಶೈಯರ್ ಅವರನ್ನೇ ನೋಡಿ. 2010ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ತಂಡ ರಾಷ್ಟ್ರೀಯ ಚಾಂಪಿಯನ್ ಆದಾಗ ನಾಯಕರಲ್ಲಿ ಒಬ್ಬರು. ಆಮೇಲೆ ಇಸ್ರೇಲ್, ಸ್ಪೇನ್‌ಗಳಲ್ಲಿ ಆಡಿ, 2013ರಲ್ಲಿ ಡ್ಯೂಕ್‌ಗೆ ವಿಶೇಷ ಸಹಾಯಕರಾಗಿ ಬಂದರು. 2014ರಲ್ಲಿ ಸಹಾಯಕ ಕೋಚ್, 2018ರಲ್ಲಿ ಅಸೋಸಿಯೇಟ್ ಹೆಡ್ ಕೋಚ್, 2022ರಲ್ಲಿ ಹೆಡ್ ಕೋಚ್. ಅಷ್ಟು ದೊಡ್ಡ ಹೆಸರಿನ ಆಟಗಾರನೂ ಮೆಟ್ಟಿಲು ಹತ್ತಿಯೇ ಬಂದದ್ದು. 2023ರ ಜುಲೈನಿಂದ ಡಿವಿಷನ್ ಒಂದರ, ಅಂದರೆ ಕಾಲೇಜು ಕ್ರೀಡೆಯ ಅತಿ ಮೇಲಿನ ದರ್ಜೆಯ ತಂಡಗಳಿಗೆ ಇನ್ನಿಬ್ಬರು ಕೋಚ್‌ಗಳನ್ನು ಇಟ್ಟುಕೊಳ್ಳಲು ಅವಕಾಶ ಸಿಕ್ಕಿತು. ಅವರು ಕೋರ್ಟ್‌ನಲ್ಲಿ ಕಲಿಸಬಹುದು, ಆದರೆ ಆಗಿನ ನಿಯಮದಂತೆ ಆಟಗಾರರನ್ನು ಹುಡುಕಿಕೊಂಡು ಕ್ಯಾಂಪಸ್ ಹೊರಗೆ ಹೋಗುವಂತಿರಲಿಲ್ಲ. ಹೊಸಬರಿಗೆ ಇದು ಒಳ್ಳೆಯ ಜಾಗ.

ಇನ್ನು ಸ್ಕೌಟ್ ವಿಷಯ. ಋತುವಿನ ಎದುರಾಳಿಗಳನ್ನು ಸಹಾಯಕರು ಹಂಚಿಕೊಳ್ಳುತ್ತಾರೆ. ತನ್ನ ಪಾಲಿಗೆ ಬಂದ ತಂಡದ ಕೊನೆಯ ನಾಲ್ಕೈದು ಪಂದ್ಯಗಳನ್ನು ಸಿನರ್ಜಿಯಂಥ ಸಾಫ್ಟ್‌ವೇರ್‌ನಲ್ಲಿ ನೋಡಿ, ಪಿಕ್ ಅಂಡ್ ರೋಲ್ (ಜೊತೆಗಾರ ಎದುರಾಳಿಗೆ ಅಡ್ಡ ನಿಂತು, ಆಮೇಲೆ ಬಾಸ್ಕೆಟ್ ಕಡೆ ತಿರುಗಿ ಓಡುವ ಆಟ), ಬೇಸ್‌ಲೈನ್‌ನಿಂದ ಚೆಂಡು ಒಳಗೆ ಹಾಕುವ ಆಟ, ಟೈಮ್‌ಔಟ್ ಆದ ತಕ್ಷಣದ ಆಟ ಅಂತ ಬೇರೆ ಬೇರೆ ಕ್ಲಿಪ್ ಮಾಡಬೇಕು. ಆಟ ನಡೆಸುವ ಪಾಯಿಂಟ್ ಗಾರ್ಡ್ ಮುಷ್ಟಿ ಎತ್ತಿದರೆ ಯಾವ ಆಟ, ತಲೆ ಮುಟ್ಟಿದರೆ ಯಾವುದು ಅಂತ ಪಟ್ಟಿ ಮಾಡಬೇಕು. ಆಮೇಲೆ ಒಬ್ಬೊಬ್ಬ ಆಟಗಾರನಿಗೂ ಒಂದೇ ಸಾಲು: ‘ಬಲಕ್ಕೆ ಮಾತ್ರ ನುಗ್ಗುತ್ತಾನೆ, ಎಡಕ್ಕೆ ತಳ್ಳಿ’, ‘ಮೂರು ಪಾಯಿಂಟ್ ಶಾಟ್ ಬಿಟ್ಟರೆ ಏನೂ ಇಲ್ಲ, ಹತ್ತಿರವೇ ಇರಿ’. ಹೊಸ ಸಹಾಯಕರು ಎಡವುವುದು ಇಲ್ಲೇ. ತಾವು ಕಂಡದ್ದನ್ನೆಲ್ಲ ನಾಲ್ಕು ಪುಟ ಬರೆದು ಆಟಗಾರರ ಕೈಗಿಡುತ್ತಾರೆ. ಪಂದ್ಯದ ಓಟದಲ್ಲಿ ಅವರಿಗೆ ನೆನಪಿರುವುದು ಎರಡೋ ಮೂರೋ ಮಾತು. ಹುಡುಗರಿಗೆ ತೋರಿಸುವ ವಿಡಿಯೊ ಹತ್ತು ನಿಮಿಷ ದಾಟಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಉಳಿದದ್ದನ್ನು ಅಭ್ಯಾಸದಲ್ಲಿ ಬದಲಿ ಆಟಗಾರರ ಕೈಲಿ ಎದುರಾಳಿಯ ಆಟ ಆಡಿಸಿ ಕಲಿಸಬೇಕು. ಋತುವಿನಲ್ಲಿ ಅಭ್ಯಾಸಕ್ಕೆ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆಯ ಮಿತಿ ಇದೆ. ಹಾಗಾಗಿ ಸ್ಕೌಟ್ ಉದ್ದವಾದಷ್ಟೂ ಸ್ವಂತ ಆಟ ತಿದ್ದುವ ಹೊತ್ತು ಕಡಿಮೆಯಾಗುತ್ತದೆ.

ಮಾರ್ಚ್‌ನ ರಾಷ್ಟ್ರೀಯ ಟೂರ್ನಿಯಲ್ಲಂತೂ ಗುರುವಾರ ಗೆದ್ದರೆ ಶನಿವಾರ ಮತ್ತೆ ಪಂದ್ಯ. ಮುಂದಿನ ಎದುರಾಳಿ ಯಾರೆಂದು ಗೊತ್ತಾಗುವ ಮೊದಲೇ ಸಾಧ್ಯವಿರುವ ಎರಡೂ ತಂಡಗಳ ಸ್ಕೌಟ್ ಸಿದ್ಧವಿರಬೇಕು. ಗೆದ್ದ ತಂಡದ್ದು ಆ ರಾತ್ರಿಯೇ ಮೇಜಿಗೆ ಬರುತ್ತದೆ, ಇನ್ನೊಂದನ್ನು ಎತ್ತಿಡುತ್ತಾರೆ.

ಉದ್ಯೋಗದ ಭದ್ರತೆ ಕಡಿಮೆ. ಹೆಡ್ ಕೋಚ್‌ನನ್ನು ತೆಗೆದರೆ ಸಹಾಯಕರೂ ಬಹುಪಾಲು ಹೊರಗೆ. ಆದ್ದರಿಂದ ಬೇರೆ ಕಾಲೇಜುಗಳ ಸಹಾಯಕರ ಪರಿಚಯ ಮೊದಲಿನಿಂದಲೇ ಇರಬೇಕು. ಫೈನಲ್ ಫೋರ್ (ಆ ಟೂರ್ನಿಯ ಕೊನೆಯ ನಾಲ್ಕು ತಂಡಗಳ ಹಂತ) ನಡೆಯುವ ಊರಿನಲ್ಲಿ ಅದೇ ವಾರ ಕೋಚ್‌ಗಳ ಸಮಾವೇಶ ಇರುತ್ತದೆ, ಅಲ್ಲಿಗೆ ಹೋಗಲಿ.

ಮಗನದು ಭಾರತದ ಪಾಸ್‌ಪೋರ್ಟ್ ಆದರೆ ಇದನ್ನೂ ಗಮನಿಸಿ. ಪದವಿಯ ನಂತರದ ಓಪಿಟಿ, ಅಂದರೆ ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡಲು ಸಿಗುವ ಅನುಮತಿ, 12 ತಿಂಗಳು. ಕ್ರೀಡಾ ನಿರ್ವಹಣೆಯಂಥ ಪದವಿಗೆ ಸಾಮಾನ್ಯವಾಗಿ ವಿಸ್ತರಣೆ ಸಿಗದು. ಗ್ರ್ಯಾಜುಯೇಟ್ ಅಸಿಸ್ಟೆಂಟ್ ಆಗಿ ಸ್ನಾತಕೋತ್ತರ ಓದಿದರೆ ಎಫ್-1 ವಿದ್ಯಾರ್ಥಿ ವೀಸಾದಲ್ಲೇ ಇರಬಹುದು, ಆದರೆ ತರಗತಿಗಳು ನಡೆಯುವಾಗ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆಯಷ್ಟೇ ಕೆಲಸ. ಈ ಮಿತಿಯನ್ನು ಕೋಚ್‌ಗೆ ಮೊದಲೇ ಹೇಳಿಬಿಡಲಿ. ಯಾಕೆಂದರೆ ಈ ಕೆಲಸ ಗಂಟೆ ನೋಡಿ ನಿಲ್ಲುವಂಥದ್ದಲ್ಲ, ಮೀರಿದರೆ ವೀಸಾಕ್ಕೇ ಕುತ್ತು.

ಅರ್ಜಿ ಹಾಕುವಾಗ ತನ್ನ ಪಾಯಿಂಟು, ರಿಬೌಂಡುಗಳ ಪಟ್ಟಿಗಿಂತ, ಆ ಕಾಲೇಜು ಮುಂದೆ ಎದುರಿಸಲಿರುವ ಒಂದು ತಂಡದ ಎರಡು ಪುಟದ ಸ್ಕೌಟ್, ಜೊತೆಗೆ ಹತ್ತು ಕ್ಲಿಪ್ ಕಳಿಸಲಿ.