ಸೋರ್ಸಿಗೆ ಕೊಟ್ಟ ವೋಲ್ಟೇಜೇ ಅಯಾನಿನ ಚಲನಶಕ್ತಿಯಾ?

ನಿಮ್ಮದು ಎಲೆಕ್ಟ್ರೋಸ್ಪ್ರೇ (ದ್ರಾವಣವನ್ನು ವೋಲ್ಟೇಜ್ ಕೊಟ್ಟು ಸಿಂಪಡಿಸಿ ಅಯಾನು ಮಾಡುವ ಸೋರ್ಸ್) ಇರುವ ಟ್ರಿಪಲ್ ಕ್ವಾಡ್ರುಪೋಲ್, ಅಂದರೆ ನಾಲ್ಕು ಸರಳುಗಳ ಕ್ವಾಡ್ರುಪೋಲುಗಳನ್ನು ಸಾಲಾಗಿಟ್ಟು ಅಯಾನುಗಳನ್ನು ದ್ರವ್ಯರಾಶಿಯಂತೆ ಬೇರ್ಪಡಿಸುವ ಮಾಸ್ ಸ್ಪೆಕ್ಟ್ರೋಮೀಟರ್. ಕ್ವಾಡ್ರುಪೋಲಿಗಿಂತ ಸೋರ್ಸ್ 10 ವೋಲ್ಟ್ ಮೇಲಿದೆ, ಹಾಗಾದರೆ ಒಂದು ಚಾರ್ಜಿನ ಅಯಾನಿಗೆ 10 ಎಲೆಕ್ಟ್ರಾನ್ ವೋಲ್ಟ್ (ಒಂದು ಚಾರ್ಜು ಒಂದು ವೋಲ್ಟ್ ಇಳಿದಾಗ ಗಳಿಸುವಷ್ಟು ಒಂದು ಎಲೆಕ್ಟ್ರಾನ್ ವೋಲ್ಟ್) ಶಕ್ತಿ ಅಂತ ಬರೆದುಬಿಡಬಹುದಾ, ಇಲ್ಲಾ ಅಳೀಲೇಬೇಕಾ ಅಂತ ಕೇಳಿದ್ದೀರಿ.

ಅಳೀರಿ. ಪವರ್ ಸಪ್ಲೈ ತೋರಿಸೋದು ಎಲೆಕ್ಟ್ರೋಡಿನ ವೋಲ್ಟೇಜ್, ಅಯಾನಿನ ಶಕ್ತಿಯನ್ನಲ್ಲ. ನಿರ್ವಾತಕ್ಕೆ ನುಗ್ಗುವ ಗ್ಯಾಸು ಅಯಾನುಗಳನ್ನೂ ತನ್ನದೇ ವೇಗದಲ್ಲಿ ಎಳ್ಕೊಂಡು ಹೋಗುತ್ತೆ. ಕೋಣೆಯ ಉಷ್ಣತೆಯ ನೈಟ್ರೋಜನ್ ಹೀಗೆ ಹಿಗ್ಗಿದಾಗ ಹೆಚ್ಚೆಂದರೆ ಸೆಕೆಂಡಿಗೆ ಸುಮಾರು 790 ಮೀಟರ್ ಮುಟ್ಟುತ್ತೆ. ಆ ವೇಗದಲ್ಲಿ 100 ಡಾಲ್ಟನ್ (ಅಣುಗಳ ದ್ರವ್ಯರಾಶಿಯ ಅಳತೆ) ಅಯಾನಿಗೆ 0.3 ಎಲೆಕ್ಟ್ರಾನ್ ವೋಲ್ಟ್, 1000 ಡಾಲ್ಟನ್ ಅಯಾನಿಗೆ 3.2. ನೀವು ಒಂದು ವೋಲ್ಟೂ ಕೊಡದೆ ಬಂದ ಶಕ್ತಿ ಇದು! ಮಧ್ಯದಲ್ಲಿ ಗ್ಯಾಸ್ ತುಂಬಿದ ಅಯಾನ್ ಗೈಡ್ (ಅಯಾನುಗಳನ್ನು ಚೆದುರದಂತೆ ಮುಂದೆ ಸಾಗಿಸುವ ಭಾಗ) ಇದ್ದರೆ ಕಥೆ ಬೇರೆ. ಡಿಕ್ಕಿ ಹೊಡೆದು ಹೊಡೆದು ಅಯಾನು ಅಲ್ಲಿ ತಣ್ಣಗಾಗುತ್ತೆ, ಮುಂದಿನ ಲೆಕ್ಕ ಆ ಗೈಡಿನ ವೋಲ್ಟೇಜಿನಿಂದ ಶುರು.

ಅಳೆಯುವ ಉಪಾಯ ಸರಳ: ಅಯಾನಿಗೆ ಅಡ್ಡ ನಿಲ್ಲಿ. ಡಿಟೆಕ್ಟರಿನ ಮುಂದೆ ಒಂದು ಜಾಲರಿ ಇಟ್ಟು, ಧನ ಅಯಾನಾದರೆ ಅದಕ್ಕೆ ಧನ ವೋಲ್ಟೇಜನ್ನು 0.1 ವೋಲ್ಟ್ ಹೆಜ್ಜೆಯಲ್ಲಿ ಏರಿಸ್ತಾ ಕರೆಂಟ್ ಬರ್ಕೊಳ್ಳಿ. ಮೊದಲು ಕರೆಂಟ್ ಅಲ್ಲಾಡಲ್ಲ, ಆಮೇಲೆ ಜಾರುತ್ತೆ, ಕೊನೆಗೆ ಸೊನ್ನೆ. ಪ್ರತಿ ಹೆಜ್ಜೆಗೆ ಎಷ್ಟು ಕರೆಂಟ್ ಬಿತ್ತು ಅಂತ ಗ್ರಾಫ್ ಹಾಕಿದರೆ ಒಂದು ಗುಡ್ಡ ಮೂಡುತ್ತೆ, ಅದೇ ಶಕ್ತಿಯ ಹಂಚಿಕೆ.

ನನಗೆ ಮೊದಲ ಸಲ ಗುಡ್ಡ ತೀರಾ ಅಗಲ ಬಂತು. ಸೋರ್ಸನ್ನೇ ಬೈಕೊಂಡು ಒಂದು ವಾರ ಹಾಳು ಮಾಡಿದೆ. ತಪ್ಪು ಜಾಲರಿಯದ್ದು. ತಂತಿಯ ಮೇಲೆ ಇರುವಷ್ಟು ವೋಲ್ಟೇಜ್ ಎರಡು ತಂತಿಗಳ ನಡುವಿನ ಕಿಂಡಿಯಲ್ಲಿ ಇರಲ್ಲ, ಸೋಮಾರಿ ಅಯಾನುಗಳೂ ಅಲ್ಲಿಂದ ನುಸುಳ್ತವೆ. ಒಂದರ ಹಿಂದೆ ಇನ್ನೊಂದು ಜಾಲರಿ ಇಟ್ಟು ಎರಡಕ್ಕೂ ಒಂದೇ ವೋಲ್ಟೇಜ್ ಕೊಟ್ಟೆ, ಗುಡ್ಡ ಕಿರಿದಾಯ್ತು.

ಇನ್ನೊಂದು: ಜಾಲರಿಗೆ ಗೊತ್ತಾಗೋದು ನೇರ ದಿಕ್ಕಿನ ಶಕ್ತಿ ಮಾತ್ರ. 10 ಎಲೆಕ್ಟ್ರಾನ್ ವೋಲ್ಟಿನ ಅಯಾನು 20 ಡಿಗ್ರಿ ಓರೆಯಾಗಿ ಬಂದರೆ 8.8 ವೋಲ್ಟಿಗೇ ನಿಂತುಬಿಡುತ್ತೆ. ಎರಡು ಚಾರ್ಜಿನದ್ದಾದರೆ, ನಿಂತ ವೋಲ್ಟೇಜನ್ನು ಎರಡರಿಂದ ಗುಣಿಸಿ, ಅದೇ ಎಲೆಕ್ಟ್ರಾನ್ ವೋಲ್ಟಿನಲ್ಲಿ ಶಕ್ತಿ.

ಕಿಲೋವೋಲ್ಟ್ ಮಟ್ಟದ ಅಯಾನುಗಳಿಗೆ ಜಾಲರಿಗಿಂತ ಬಾಗಿದ ಎರಡು ಪ್ಲೇಟುಗಳ ಎಲೆಕ್ಟ್ರೋಸ್ಟಾಟಿಕ್ ಅನಲೈಸರ್ ವಾಸಿ. ಅಲ್ಲಿ ತಿರುವನ್ನು ತೀರ್ಮಾನಿಸೋದು ಚಾರ್ಜಿಗೆ ಎಷ್ಟು ಶಕ್ತಿ ಅನ್ನೋದು, ದ್ರವ್ಯರಾಶಿಗೆ ಕೆಲಸವಿಲ್ಲ.

ನಿಮಗೆ ಸದ್ಯಕ್ಕೆ ಜಾಲರಿಯೂ ಬೇಡ. ಕೊಲಿಷನ್ ಗ್ಯಾಸ್ ಪೂರ್ತಿ ಬಂದ್ ಮಾಡಿ, ಕೊಲಿಷನ್ ಸೆಲ್ಲಿನ (ಅಯಾನುಗಳನ್ನು ಗ್ಯಾಸಿಗೆ ಡಿಕ್ಕಿ ಹೊಡೆಸಿ ಒಡೆಯುವ ಭಾಗ) ಸ್ಥಿರ ವೋಲ್ಟೇಜನ್ನು, ಅಂದರೆ ಡಿಸಿ ಆಫ್‌ಸೆಟ್ಟನ್ನೇ ಮೆಲ್ಲಗೆ ಏರಿಸಿ, ಸಿಗ್ನಲ್ ಎಲ್ಲಿ ಸಾಯುತ್ತೆ ನೋಡಿ. ಆರ್‌ಎಫ್ (ಸರಳುಗಳಿಗೆ ಕೊಡುವ, ವೇಗವಾಗಿ ಏರಿಳಿಯುವ ವೋಲ್ಟೇಜ್) ಅಯಾನನ್ನು ಅಡ್ಡಡ್ಡ ಕುಣಿಸೋದ್ರಿಂದ ಗುಡ್ಡ ಸ್ವಲ್ಪ ಊದಿಕೊಂಡಿರುತ್ತೆ, ಆದರೆ ನಿಮ್ಮ 10 ನಿಜಕ್ಕೂ 10ರ ಹತ್ತಿರವಾ, 13ರ ಹತ್ತಿರವಾ ಅನ್ನೋದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತೆ.